ಏಳನೆ ಗ್ರೀನಿನ ಹುಲ್ಲು

ಇಬ್ಬನಿ ಹೊಡೆಯುವ ಬಿದಿರು ಗಳುವನ್ನು ಗಾಲ್ಫ್ ಬಯಲಿನ ಆರನೆ ಗ್ರೀನಿನ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಅತ್ತಿಂದಿತ್ತ ಬೀಸಿ ಮುಗಿಸಿದ ಮರಿಯಯ್ಯ, ಕಾಲಿನ ಅಭ್ಯಾಸಕ್ಕೆ ಏಳನೆಯದರ ಕಡೆ ಹತ್ತು ಹೆಜ್ಜೆ ಹಾಕಿ, ಅಲ್ಲಿ ಇವತ್ತು ಹೊಡೆಯುವುದಕ್ಕೇನೂ ಇಲ್ಲವೆಂಬುದು ನೆನಪಾಗಿ ನಿಂತ. ಸತ್ತ ಹುಲ್ಲಿನ ಮೇಲೆ ಇಬ್ಬನಿ ಕೂಡ ಸರಿಯಾಗಿ ಕೂರುವುದಿಲ್ಲ. ಸುತ್ತಲಿನ ಹಸಿರೆಲ್ಲ ಬೆಳ್ಳಗೆ ಮಿನುಗುತ್ತಿರುವಾಗ ನಡುವೆ ಅದೊಂದು ಮಾತ್ರ ಒಣಹಾಕಿದ ಚರ್ಮದ ಹಾಗೆ ಮಂಕಾಗಿ ಬಿದ್ದಿತ್ತು. ದೂರದಿಂದ ನೋಡಿದವರಿಗೆ ಬರೀ ಕಂದು. ಹತ್ತಿರ ಬಂದರೆ ಅದರಲ್ಲಿ ಸಾಲುಗಳಿದ್ದವು. ಎಡಕ್ಕೊಂದು ಬಾಗು, ಬಲಕ್ಕೊಂದು ಬಾಗು, ಬೆನ್ನಿಗೆ ಔಷಧಿ ಕ್ಯಾನು ಹೊತ್ತ ಮನುಷ್ಯ ನಡೆಯುತ್ತ ಕೊಳವೆ ಬೀಸಿದ ಹಾಗೆ. ಬಲದ ಬಾಗು ಉದ್ದ, ಎಡದ್ದು ಗಿಡ್ಡ. ಎಡ ಮಂಡಿಯನ್ನು ಪೂರ್ತಿ ಮಡಿಸಲಾರದವನು ನಡೆದರೆ ಹಾಗೇ ಬೀಳಬೇಕು. ಕಮಿಟಿಯವರು, ಮೆಂಬರುಗಳು, ಮೈಸೂರಿಂದ ಕರೆಸಿದ್ದ ಹುಲ್ಲಿನ ವಿಷಯ ಓದಿಕೊಂಡವರೊಬ್ಬರು, ಎಲ್ಲರೂ ಇದರ ಮೇಲೆ ನಿಂತು ನೋಡಿ ಹೋಗಿದ್ದರು. ಇದು ಒಬ್ಬ ಮನುಷ್ಯನ ನಡಿಗೆ ಎಂದು ಒಬ್ಬರೂ ಅಂದಿರಲಿಲ್ಲ. ಮೂವತ್ತೆಂಟು ವರ್ಷ ಇವರ ಕಣ್ಣ ಮುಂದೆಯೇ ಕುಂಟಿಕೊಂಡು ಓಡಾಡಿದ್ದೇನೆ, ಇವರು ಒಂದು ದಿನವೂ ನನ್ನ ಕಾಲು ನೋಡಿಲ್ಲ ಎಂದು ಅವನಿಗೆ ಮೊದಲು ಸಮಾಧಾನವಾಗಿತ್ತು. ಆಮೇಲೆ ಅದೇ ಸಮಾಧಾನ ಅವಮಾನದ ಹಾಗೆ ಕಂಡಿತು.

ಗಂಟೆ ಇನ್ನೂ ಆರೂವರೆಯಾಗಿರಲಿಲ್ಲ. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯ ಬದಿಯ ಈ ಒಂಬತ್ತು ಕುಳಿಯ ಗಾಲ್ಫ್ ಬಯಲಿನಲ್ಲಿ ವರ್ಷಕ್ಕೊಮ್ಮೆ, ಡಿಸೆಂಬರಿನ ಮೊದಲ ಭಾನುವಾರ, ಬಹುಮಾನದ ಕಪ್ಪಿಗಾಗಿ ಆಟ. ನಲವತ್ತೆಂಟು ಜನ ಆಡುವವರು. ಮೈಸೂರಿನವರು, ಮಡಿಕೇರಿಯವರು, ಗೋಣಿಕೊಪ್ಪಲಿನ ಕಾಫಿ ತೋಟದವರು. ಕ್ಲಬ್ಬಿನ ಕ್ಯಾಪ್ಟನ್ ಮಹದೇವಪ್ರಸಾದ್ ಎರಡು ತಿಂಗಳಿಂದ ಇದಕ್ಕೇ ಓಡಾಡಿದ್ದರು. ಯಾರ ಜೊತೆ ಯಾರು ಆಡಬೇಕು, ಯಾವ ಗುಂಪು ಎಷ್ಟು ಗಂಟೆಗೆ ಹೊರಡಬೇಕು, ಬ್ಯಾಗು ಹೊರುವವರಿಗೆ ಯಾವ ಬಣ್ಣದ ಟೋಪಿ, ಮೂರನೆ ಕುಳಿಯ ಹತ್ತಿರ ಎಳನೀರೋ ಮಜ್ಜಿಗೆಯೋ ಎಂದು. ಮರಿಯಯ್ಯನ ಪಾಲಿಗೆ ಗ್ರೀನುಗಳ ನಡುವಿನ ಕುಳಿಗಳು. ಆಟದ ದಿನ ಬೆಳಿಗ್ಗೆ ಹಳೆ ಕುಳಿ ಮುಚ್ಚಿ ಹೊಸ ಜಾಗದಲ್ಲಿ ಕುಳಿ ತೆಗೆಯಬೇಕು. ಕಬ್ಬಿಣದ ಕೊಳವೆಯನ್ನು ಒತ್ತಿ ತಿರುಗಿಸಿ ಎತ್ತಿದರೆ ಹುಲ್ಲಿನ ಸಮೇತ ಮಣ್ಣಿನ ಗುಂಡು ಬರುತ್ತದೆ. ಅದನ್ನು ಹಾಗೇ ಒಯ್ದು ಹಳೆ ಕುಳಿಗೆ ಇಳಿಸಿ, ಅಂಗಾಲಿನಿಂದ ತಟ್ಟಿದರೆ ಅಲ್ಲಿ ಕುಳಿಯೊಂದಿತ್ತೆಂದು ಯಾರಿಗೂ ಗೊತ್ತಾಗಬಾರದು. ಆ ಗೊತ್ತಾಗದಿರುವುದೇ ಅವನ ಕೆಲಸದ ಹೆಚ್ಚುಗಾರಿಕೆಯಾಗಿತ್ತು. ಹೋದ ಹನ್ನೆರಡು ದಿನ ಅವನು ಸತ್ತ ಗ್ರೀನಿನ ಮುಂದಿನ ಬಯಲಿನಲ್ಲೇ ಒಂದು ವೃತ್ತ ಗುರುತು ಮಾಡಿ, ದಿನಾ ಕತ್ತರಿಸಿ, ಮರಳು ಜರಡಿ ಹಿಡಿದು ಎರಚಿ, ರೋಲರ್ ಎಳೆದು, ತಾತ್ಕಾಲಿಕ ಗ್ರೀನೊಂದನ್ನು ಎಬ್ಬಿಸಿ ನಿಲ್ಲಿಸಿದ್ದ. ನಿನ್ನೆ ಸಂಜೆ ಕ್ಯಾಪ್ಟನ್ನರು ಅದರ ಮೇಲೆ ಚೆಂಡು ಉರುಳಿಸಿ ನೋಡಿ, ಮರಿಯಯ್ಯ, ಟೂರ್ನಮೆಂಟಿನ ಮಾನ ಉಳಿಸಿದೆ, ನಾಳೆ ಬಹುಮಾನ ಕೊಡುವಾಗ ನಿನಗೂ ಒಂದು ಶಾಲು ಇದೆ, ಒಗೆದ ಅಂಗಿ ಹಾಕಿಕೊಂಡು ಬಾ ಎಂದಿದ್ದರು.

ಆ ಮಾತಿಗೆ ಅವನು ಕೈ ಮುಗಿದಿದ್ದ. ಮುಗಿದ ಕೈಯನ್ನು ಮನೆಗೆ ಹೋದ ಮೇಲೂ ಬಹಳ ಹೊತ್ತು ನೋಡಿಕೊಂಡಿದ್ದ.

ಆಟಕ್ಕೆ ಇನ್ನೂ ಹತ್ತಿರ ಹತ್ತಿರ ಮೂರು ವಾರ ಇದ್ದಾಗ ಆದದ್ದು ಅದು. ಗ್ರೀನುಗಳ ಬಣ್ಣ ಕಪ್ಪುಹಸಿರಿಗೆ ತಿರುಗಲಿ ಎಂದು ಕಬ್ಬಿಣದ ಔಷಧಿ ಹೊಡೆಯುವ ವಾರ. ಅದಕ್ಕೆ ಎರಡು ದಿನ ಮುಂಚೆ ತಂಗಿಯ ಮಗ ಚೇತನ್ ಕುಮಾರ್ ಬಂದು, ಮಾವ, ನಮ್ಮ ಕ್ಯಾನಿನ ಪಂಪು ಕೆಟ್ಟೋಗಿದೆ, ಒಂದಿನದ ಮಟ್ಟಿಗೆ ನಿಮ್ದು ಕೊಡಿ ಎಂದು ಕೇಳಿದ. ಹೊಗೆಸೊಪ್ಪು ಮುರಿದು ಬರಿದಾದ ಹೊಲದಲ್ಲಿ ಕಳೆ ಎದ್ದಿತ್ತು. ಕ್ಲಬ್ಬಿನ ಸಾಮಾನು ಗೇಟು ದಾಟಬಾರದು ಎಂಬುದು ಕಟ್ಟುನಿಟ್ಟು. ಮೂರು ವರ್ಷದ ಹಿಂದೆ ಅರ್ಧ ಕ್ಯಾನು ಡೀಸೆಲ್ ಮನೆಗೆ ಒಯ್ದನೆಂದು ಮಂಟಯ್ಯನನ್ನು ಹದಿನೆಂಟು ವರ್ಷದ ಕೆಲಸದಿಂದ ಒಂದೇ ಮಧ್ಯಾಹ್ನದಲ್ಲಿ ಇಳಿಸಿ ಕಳಿಸಿದ್ದರು. ಆದರೂ ಕೊಟ್ಟ. ತಂಗಿಯ ಮಗ ಕೇಳಿದ್ದು. ಮಾರನೆ ದಿನ ಸಂಜೆ ಮರಿಯಯ್ಯನೇ ಸೈಕಲ್ಲಿನಲ್ಲಿ ಹೋಗಿ ಕ್ಯಾನು ತಂದಾಗ ತಂಗಿ ಚಿಕ್ಕಸಿದ್ದಮ್ಮ ಅದನ್ನು ಬಾಗಿಲಿಗೆ ತಂದುಕೊಟ್ಟಳು. ಕ್ಯಾನಿನಲ್ಲಿ ಕಾಲುಭಾಗ ನೀರು ಕುಲುಕಾಡಿತು. ಅವನಿಗೆ ನಗು ಬಂತು. ಎರವಲು ತಂದ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಡುವುದು ಅವರ ಅವ್ವನ ಕಾಲದಿಂದಲೂ ಆ ಮನೆಯಲ್ಲಿ ಇಲ್ಲ. ಮಜ್ಜಿಗೆ ತಂದ ಚೊಂಬಿಗೆ ಒಂದು ಹಿಡಿ ಅವರೆಕಾಳು, ಏನೂ ಇಲ್ಲದಿದ್ದರೆ ನೀರಾದರೂ. ಔಷಧಿ ಕ್ಯಾನಿಗೂ ಇವಳು ಬಿಡಲಿಲ್ಲವಲ್ಲ ಎಂದುಕೊಂಡು, ಎರಡು ಮೈಲಿ ಕ್ಯಾರಿಯರಿನ ಮೇಲೆ ಕುಲುಕುವ ಆ ನೀರಿನ ಸದ್ದು ಕೇಳುತ್ತ ಬಂದ. ಆ ಹೊತ್ತು ಅವನಿಗೆ ಬದುಕು ಹಗುರವೆನಿಸಿತ್ತು. ಮಾರನೆ ಬೆಳಿಗ್ಗೆ ಆ ನೀರನ್ನು ಚೆಲ್ಲಲು ಮನಸ್ಸಾಗದೆ, ಅದರ ಮೇಲೆಯೇ ಔಷಧಿ ಸುರಿದು, ನಲ್ಲಿಯಿಂದ ಕಂಠದವರೆಗೆ ತುಂಬಿ, ಶೆಡ್ಡಿಗೆ ಹತ್ತಿರದ ಏಳನೆ ಗ್ರೀನಿನಿಂದ ಶುರುಮಾಡಿದ. ಒಂದು ಗ್ರೀನಿಗೆ ಒಂದು ಕ್ಯಾನು. ಎರಡನೆ ಕ್ಯಾನು ಎಂಟನೆಯದಕ್ಕೆ ಹೋಯಿತು. ಅದು ಒಂದಿಷ್ಟು ಹಳದಿಗಟ್ಟಿ ಚೇತರಿಸಿಕೊಂಡಿತು. ಏಳನೆಯದು ಆರನೆ ದಿನಕ್ಕೆ ಬಿಳಿಚಿಕೊಂಡು ಎಂಟನೆ ದಿನಕ್ಕೆ ಸತ್ತಿತು.

ಕಂದು ಕಂಡ ದಿನವೇ ತಂಗಿಯ ಮನೆಗೆ ಹೋಗಿದ್ದ. ಚೇತನ್ ಕುಮಾರ್ ಹೊಲದಲ್ಲಿ ಅರ್ಧ ಹೊಡೆದಿರುವಾಗ ಮಳೆ ಹನಿದು, ಉಳಿದ ಕಳೆ ಔಷಧಿಯನ್ನು ಕ್ಯಾನಿನಲ್ಲೇ ಬಿಟ್ಟು, ತೊಳೆದು ಕೊಡು ಎಂದು ಅವ್ವನಿಗೆ ಹೇಳಿ ಪಿರಿಯಾಪಟ್ಟಣಕ್ಕೆ ಹೋಗಿದ್ದ. ಚಿಕ್ಕಸಿದ್ದಮ್ಮ ಕ್ಯಾನು ಬಗ್ಗಿಸಿ ನೋಡಿದಾಗ ನೀರಿನ ಹಾಗೇ ಇತ್ತು. “ಅವ್ನೇ ತೊಳ್ದಿದ್ ನೀರು ಅಂದ್ಕಂಡೆ ಕಣಣ್ಣಯ್ಯ. ಬಸಿಯಾದು ಯಾಕೆ ಅಂತ ಮ್ಯಾಲೊಂದು ಚೊಂಬು ಉಯ್ದೆ. ಬರಿ ಕ್ಯಾನು ಎಂಗೆ ಕೊಟ್ ಕಳ್ಸದು? ಯಾಕೆ, ಏನಾಯ್ತು?” ಅವಳು ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಿಲ್ಲಿಸಿ ಮುಖ ನೋಡಿದಳು. ಏನೂ ಇಲ್ಲ ಕಣವ್ವ, ಸುಮ್ನೆ ಕೇಳ್ದೆ ಎಂದು ಅವಳು ಕೊಟ್ಟ ನೀರು ಕುಡಿದು ಎದ್ದು ಬಂದ. ಹೇಳಿದ್ದರೆ ಅವಳು ಉಳಿದ ಆಯಸ್ಸೆಲ್ಲ ಯಾರಿಗೂ ಒಂದು ಚೊಂಬು ನೀರು ಹಾಕಿಕೊಡಲಾರದೆ ಹೋಗುತ್ತಿದ್ದಳು. ಹಾಗೆಂದು ಅವನು ತನಗೆ ತಾನೇ ಹೇಳಿಕೊಂಡ. ಸುಮ್ಮನಿರುವುದಕ್ಕೆ ಕಾರಣ ಇಷ್ಟು ಒಳ್ಳೆಯದು ಸಿಕ್ಕಿತಲ್ಲ ಎಂದು ಅವತ್ತು ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಬರುವಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಗಿತ್ತು.

ತಪ್ಪು ತಂಗಿಯದಲ್ಲ, ಹುಡುಗನದೂ ಅಲ್ಲ. ಮೂರು ಸಲ ತೊಳೆಯಬೇಕಿತ್ತು, ಮೂಸಿ ನೋಡಬೇಕಿತ್ತು. ಅದನ್ನು ಅವನಿಗೆ ಕಲಿಸಿದವರು ಇಸಾಕ್ ಸಾಬರು. ಹುಣಸೂರಿನ ಪೇಟೆಯಲ್ಲಿ ಬಿತ್ತನೆಬೀಜ, ಗೊಬ್ಬರ, ಔಷಧಿಯ ಅಂಗಡಿ ಅವರದು. ಕ್ಲಬ್ಬಿಗೆ ಮೂವತ್ತು ವರ್ಷದಿಂದ ಔಷಧಿ ಬರುತ್ತಿದ್ದುದು ಅಲ್ಲಿಂದಲೇ. ಮರಿಯಯ್ಯ ಎರಡನೆ ಕ್ಲಾಸು ದಾಟಿದವನಲ್ಲ. ಮೊದಲ ಸಲ ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನದನ್ನು ಓದಲಾರದೆ ಸುಮ್ಮನೆ ತಲೆಯಾಡಿಸುತ್ತ ನಿಂತಿದ್ದ. ಸಾಬರು ಅದನ್ನು ಕಂಡರೂ ಕಂಡ ಹಾಗೆ ತೋರಿಸಿಕೊಳ್ಳದೆ, ಡಬ್ಬಿಯ ಮೂಲೆಯ ಬಣ್ಣದ ಗುರುತಿನ ಮೇಲೆ ಬೆರಳಿಟ್ಟು, ಕೆಂಪಿದ್ದರೆ ಜೀವ ತೆಗೆಯುವಂಥದ್ದು, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಹಸಿರು ಎಂದು ಯಾರಿಗೋ ಹೇಳುವ ಹಾಗೆ ಹೇಳಿದ್ದರು. ಆಮೇಲೆ, “ಮರಿಯಣ್ಣ, ಯಾರ್ ಕೈಯಿಂದ ಬಂದ ಕ್ಯಾನಾದ್ರೂ ಸರಿ, ಮೂರ್ ಸಲ ತೊಳೀರಿ, ಮೂಸಿ ನೋಡ್ರಿ. ನಿಮ್ ಕೈದೇ ಆದ್ರೂನೂವೆ.” ಹೋದಾಗಲೆಲ್ಲ ಬೆಂಚಿನ ಮೇಲೆ ಪಕ್ಕ ಕೂರಿಸಿಕೊಂಡು ಟೀ ತರಿಸುತ್ತಿದ್ದರು. ಎಕರೆಗಟ್ಟಲೆ ಹುಲ್ಲು ಬೆಳೀತೀರಿ, ತಿನ್ನಾಕೆ ಒಂದ್ ಎಮ್ಮೇನೂ ಒಳಗ್ ಬುಡಲ್ಲ, ಎಂಥಾ ಬೇಸಾಯ ಕಣ್ರೀ ನಿಮ್ದು ಎಂದು ಪ್ರತಿಸಲವೂ ಅದೇ ಮಾತಿಗೆ ತಾವೇ ನಗುತ್ತಿದ್ದರು.

ಗ್ರೀನು ಸತ್ತ ಮೂರನೆ ದಿನ ಕ್ಯಾಪ್ಟನ್ನರು ಅವರನ್ನು ಕರೆಸಿದರು. ಒಂದು ಗ್ರೀನಿಗೆ ಒಂದು ಬಾಟಲಿ, ಎಂಟು ಬಾಟಲಿ ಸರಿಯಿದ್ದು ಒಂದು ಕೆಟ್ಟಿದೆ, ಅಂದಮೇಲೆ ಆ ಒಂದರಲ್ಲಿ ಕಲಬೆರಕೆ ಎಂಬುದು ಕಮಿಟಿಯ ಲೆಕ್ಕ. ಸಾಬರು ವರಾಂಡದಲ್ಲಿ ನಿಂತಿದ್ದರು. ನಾಲ್ಕು ಬೆತ್ತದ ಕುರ್ಚಿ ಖಾಲಿ ಇದ್ದವು. ಎಪ್ಪತ್ತರ ಮನುಷ್ಯ ಮುಕ್ಕಾಲು ಗಂಟೆ ನಿಂತೇ ಇದ್ದರು. ಮರಿಯಯ್ಯ ಕಂಬದ ಮರೆಯಲ್ಲಿ, ಹೂಕುಂಡದ ಮಣ್ಣು ಸಡಿಲಿಸುವವನ ಹಾಗೆ ಬಗ್ಗಿಕೊಂಡು, ಅವರ ಚಪ್ಪಲಿ ಮಾತ್ರ ನೋಡುತ್ತಿದ್ದ. ಒಂದೇ ಪೆಟ್ಟಿಗೆಯ ಬಾಟಲಿಗಳು ಸಾರ್, ಸೀಲು ಒಡೆದವರು ಮರಿಯಣ್ಣ, ಅವರನ್ನು ಕೇಳಿ ಎಂದು ಸಾಬರು ಹೇಳಿದರು. ಅವನನ್ನು ಕೇಳುವುದು ಏನು, ಅವನಿಗೆ ಓದಲು ಬರುತ್ತದೆಯೇ ಎಂದರು ಕ್ಯಾಪ್ಟನ್ನರು. ಆ ಮಾತು ಅವತ್ತು ಅವನನ್ನು ಉಳಿಸಿತು. ಸತ್ತ ಗ್ರೀನಿನ ಮೇಲೆ ಅಂಗಡಿಯ ಹೆಸರಿನ ಬಾಟಲಿ ಇಟ್ಟು ತೆಗೆದ ಫೋಟೋ ಸಂಜೆಯೊಳಗೆ ಹೊಗೆಸೊಪ್ಪಿನ ಬೆಳೆಗಾರರ ಮೊಬೈಲುಗಳಿಗೆಲ್ಲ ಹೋಯಿತು. ವಾರದೊಳಗೆ, ಕೆ.ಆರ್. ನಗರದ ಕಡೆಯ ರೈತರು ಕೂಡ ಒಯ್ದ ಬೀಜ ವಾಪಸ್ಸು ತಂದು ಅಂಗಡಿ ಮುಂದೆ ಇಳಿಸಿದರಂತೆ. ಎರಡು ಸಲ ಮರಿಯಯ್ಯ ಹೇಳಲೆಂದೇ ಹೊರಟ. ಒಂದು ಸಲ ಕ್ಯಾಪ್ಟನ್ನರ ಬಾಗಿಲವರೆಗೆ ಹೋಗಿ, ಏನು ಎಂದು ಕೇಳಿದ್ದಕ್ಕೆ ಮರಳು ಒಂದು ಲೋಡು ಸಾಲದು ಸ್ವಾಮಿ ಎಂದು ಬಂದ. ಇನ್ನೊಂದು ಸಲ ಪೇಟೆಯವರೆಗೆ ಹೋಗಿ ಎದುರು ಬದಿಯ ಸೈಕಲ್ ಷಾಪಿನಲ್ಲಿ ನಿಂತು ನೋಡಿದ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸಾಬರು ಬೆಂಚಿನ ಮೇಲೆ ಒಬ್ಬರೇ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸುತ್ತಿದ್ದರು.

ಇವತ್ತು ಏಳು ಗಂಟೆಗೆ ಮೊದಲ ಗುಂಪು ಆಟಕ್ಕೆ ಹೊರಟಿತು. ಆಟ ಶುರುಮಾಡಿಸುವ ಕಂಠಪ್ಪ ಮೈಕು ಹಿಡಿದು ಪ್ರತಿ ಗುಂಪಿಗೂ ಆಡುವವರ ಹೆಸರು ಓದಿ, ಕೊನೆಯಲ್ಲಿ ಈ ವರ್ಷದ ವಿಶೇಷ ನಿಯಮ ಹೇಳುತ್ತಿದ್ದ: ಏಳನೆ ಗ್ರೀನು ದುರಸ್ತಿಯ ಜಾಗ, ಸುಣ್ಣದ ಗೆರೆಯೊಳಗೆ ಚೆಂಡು ಬಿದ್ದರೆ ಎತ್ತಿ ಹೊರಗಿಟ್ಟು ಆಡಬೇಕು, ದಂಡವಿಲ್ಲ. ಹನ್ನೆರಡು ಗುಂಪಿಗೆ ಹನ್ನೆರಡು ಸಲ ಆ ಮಾತು ಬಯಲಿನ ಮೇಲೆ ಹರಡಿ ಬಂತು. ಮರಿಯಯ್ಯ ಏಳನೆ ಕುಳಿಯ ಬಳಿಯ ಹುಣಸೆ ಮರದ ಕೆಳಗೆ ಕೂತು, ಚೆಂಡು ಬಿದ್ದು ಗುಂಡಿಯಾದಲ್ಲಿ ಚಾಕುವಿನಿಂದ ಎಬ್ಬಿಸಿ ಸರಿಮಾಡುತ್ತಿದ್ದ. ತಾತ್ಕಾಲಿಕ ಗ್ರೀನು ಚೆನ್ನಾಗಿ ಉರುಳುತ್ತಿತ್ತು. ಹೋಗುವವರು ಬರುವವರೆಲ್ಲ ಅವನ ಕಡೆ ಹೆಬ್ಬೆರಳೆತ್ತಿ ತೋರಿಸಿ ಹೋಗುತ್ತಿದ್ದರು. ನಾಲ್ಕನೆ ಗುಂಪಿನಲ್ಲಿ ಗೋಣಿಕೊಪ್ಪಲಿನ ವಯಸ್ಸಾದವರೊಬ್ಬರು ಉದ್ದ ಹುಲ್ಲಿನಲ್ಲಿ ಚೆಂಡಿನ ಹಿಂದೆ ಕೋಲು ಊರಿ ನಿಂತಾಗ ಚೆಂಡು ಒಂದು ಬೆರಳಷ್ಟು ಅಲುಗಿತು. ಜೊತೆಯವರು ಬೇರೆಲ್ಲೋ ನೋಡುತ್ತಿದ್ದರು. ಕಂಡವನು ಮರಿಯಯ್ಯ ಒಬ್ಬನೇ. ಆ ಮನುಷ್ಯ ತಲೆಯೆತ್ತಿ, ನನ್ನ ಚೆಂಡು ಅಲುಗಾಡಿತು, ನನಗೊಂದು ಹೊಡೆತ ದಂಡ ಬರೆದುಕೊಳ್ಳಿ ಎಂದು, ಮೂಗು ಒರೆಸಿಕೊಂಡಷ್ಟು ಸಲೀಸಾಗಿ ಹೇಳಿ, ಹೊಡೆದು ನಡೆದರು. ಇಂಥದ್ದನ್ನು ಅವನು ಮೂವತ್ತೆಂಟು ವರ್ಷದಲ್ಲಿ ಎಷ್ಟೋ ನೋಡಿದ್ದ. ಇವತ್ತು ಮಾತ್ರ ಎದ್ದು ಅವರ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿಬಿಟ್ಟ. ಅವರು ತಿರುಗಿ, ಏನಯ್ಯಾ ಎಂದರು. ಬಾವುಟ ನೆಟ್ಟಗೆ ಮಾಡಾಕೆ ಎಂದು ಹೇಳಿ ನೆಟ್ಟಗೇ ಇದ್ದ ಬಾವುಟವನ್ನು ಹಿಡಿದುಕೊಂಡು ನಿಂತ. ಅವರಿಗೆ ಹೋಗುವುದು ಒಂದು ಹೊಡೆತ. ಹೇಳಿದರೆ ಗೌರವ ಬೇರೆ. ಒಂದು ಹೊಡೆತದಷ್ಟು ಮಾತ್ರ ಹೋಗುವಂಥ ತಪ್ಪು ತನಗೆ ಯಾಕೆ ಸಿಗಲಿಲ್ಲ ಎಂದುಕೊಂಡ.

ಎರಡು ಸುತ್ತು ಮುಗಿದು ಬಹುಮಾನಕ್ಕೆ ಎಲ್ಲರೂ ಶಾಮಿಯಾನದ ಕೆಳಗೆ ಸೇರುವಾಗ ಮೂರೂವರೆ. ಮರಿಯಯ್ಯ ಒಗೆದ ಅಂಗಿ ಹಾಕಿಕೊಂಡು ಮೂಲೆಯಲ್ಲಿ ನಿಂತಿದ್ದ. ಕಪ್ಪುಗಳಿಗೆ ಮುಂಚೆ ಅವನ ಹೆಸರೇ ಕರೆದರು. ಯಾರೋ ಒಬ್ಬ ಬೇಜವಾಬ್ದಾರಿ ವ್ಯಾಪಾರಿಯ ಕಲಬೆರಕೆ ಔಷಧಿಯಿಂದ ನಮ್ಮ ಆಟವೇ ನಿಂತುಹೋಗಬೇಕಾಗಿತ್ತು, ಈ ಮನುಷ್ಯ ಹನ್ನೆರಡು ದಿನದಲ್ಲಿ ಹೊಸ ಗ್ರೀನು ಹುಟ್ಟಿಸಿದ ಎಂದು ಕ್ಯಾಪ್ಟನ್ನರು ಮೈಕಿನಲ್ಲಿ ಹೇಳಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಚಪ್ಪಾಳೆಯ ನಡುವೆ, ಶಾಮಿಯಾನದ ಕೊನೆಯ ಕಂಬದ ಹತ್ತಿರ, ಬಿಳಿ ಟೋಪಿ ಹಾಕಿದ ಒಬ್ಬರು ಕಂಡರು. ಇಸಾಕ್ ಸಾಬರು. ಅವರ ಕೈಯಲ್ಲಿ ಕರವಸ್ತ್ರ ಮುಚ್ಚಿದ ಒಂದು ಸ್ಟೀಲ್ ತಟ್ಟೆ ಇತ್ತು. ಅದನ್ನು ಎದೆಗೆ ಆನಿಸಿಕೊಂಡು ಅವರೂ ಒಂದು ಕೈಯಿಂದ ತೊಡೆ ತಟ್ಟಿ ಚಪ್ಪಾಳೆ ಹಾಕುತ್ತಿದ್ದರು.

ಅವರು ನೇರ ಮೇಜಿನವರೆಗೆ ನಡೆದು ಬಂದರು. ಸಾಬ್ರೆ, ಇವತ್ತು ಬೇಡ, ಅತಿಥಿಗಳಿದ್ದಾರೆ ಎಂದರು ಕ್ಯಾಪ್ಟನ್ನರು, ಮೈಕನ್ನು ಅಂಗೈಯಲ್ಲಿ ಮುಚ್ಚಿ. ಮಾತಾಡಾಕೆ ಬಂದಿಲ್ಲ ಸಾರ್, ತೋರ್ಸಾಕೆ ಬಂದೆ ಎಂದು ಸಾಬರು ಕಪ್ಪುಗಳ ಪಕ್ಕದಲ್ಲೇ ತಟ್ಟೆಯಿಟ್ಟು ಕರವಸ್ತ್ರ ತೆಗೆದರು. ಬೇರು ಮಣ್ಣಿನ ಸಮೇತ ಒಂದು ಹಿಡಿ ಗರಿಕೆ ಹುಲ್ಲು, ದಟ್ಟವಾಗಿ, ಕಪ್ಪುಹಸಿರಾಗಿ. ಅದೇ ಪೆಟ್ಟಿಗೆಯಲ್ಲಿ ಉಳಿದ ಬಾಟಲಿಯನ್ನು ಮನೆ ಹಿತ್ತಲಿನಲ್ಲಿ ಹಾಕಿ ಒಂಬತ್ತು ದಿನವಾಯಿತು, ನೋಡಿ ಎಂದರು. ಹಿಂದಿನ ಸಾಲಿನಿಂದ ಯಾರೋ ಒಬ್ಬರು, ಕ್ಯಾಪ್ಟನ್, ಈ ಹುಲ್ಲಿಗೂ ಒಂದು ಪ್ರೈಜು ಕೊಟ್ಟುಬಿಡಿ ಎಂದರು. ನಗು ಎದ್ದಿತು. ಸಾಬರು ನಗು ಇಳಿಯುವವರೆಗೆ ಕಾದರು. ಅಂಗಡಿಯಲ್ಲಿ ಗಿರಾಕಿಯ ಸಿಟ್ಟು ಇಳಿಯುವವರೆಗೆ ಕಾಯುವ ಹಾಗೆ.

“ನನ್ ಮಾತು ಬ್ಯಾಡಿ ಸಾರ್. ಮರಿಯಣ್ಣ ಹೇಳ್ಲಿ. ಔಷಧೀಲಿ ದೋಸ ಇತ್ತು ಅಂತ ಅವ್ರ ಬಾಯಲ್ಲಿ ಒಂದ್ ಸಲ ಬಂದ್ರೆ, ಅಂಗಡಿ ಬೋರ್ಡು ನಾನೇ ಇಳಿಸ್ತೀನಿ.”

ಎಲ್ಲರೂ ಅವನ ಕಡೆ ತಿರುಗಿದರು. ಶಾಲು ಹೊಸದು, ಕತ್ತಿಗೆ ಚುಚ್ಚುತ್ತಿತ್ತು. ಕೈಯಲ್ಲಿ ಬುಟ್ಟಿ ಇದ್ದುದರಿಂದ ಅದನ್ನು ಸರಿಮಾಡಿಕೊಳ್ಳಲೂ ಆಗಲಿಲ್ಲ. ಹೇಳಿಬಿಡುತ್ತೇನೆ ಎಂದು ಅವನಿಗೆ ಖಂಡಿತವಾಗಿ ಗೊತ್ತಾಯಿತು; ನಾಲಿಗೆ ಎದ್ದದ್ದೂ ಗೊತ್ತಾಯಿತು. ಚೊಂಬು ಬಗ್ಗಿಸುವ ತಂಗಿಯ ಕೈ, ಟ್ರಂಕು ಹೊತ್ತು ಗೇಟು ದಾಟಿದ ಮಂಟಯ್ಯನ ಬೆನ್ನು, ಬೆಂಚು ಒರೆಸುವ ಅಂಗೈ, ಎಲ್ಲ ಒಂದರ ಮೇಲೊಂದು ಬಂದವು. ಏನು ಮರಿಯಯ್ಯ ಎಂದರು ಕ್ಯಾಪ್ಟನ್ನರು.

“ಕ್ಯಾನು ತೊಳ್ದಿದ್ದೆ ಸ್ವಾಮಿ,” ಎಂದ. “ಮೂರು ಸಲ ತೊಳ್ದಿದ್ದೆ.”

ಕ್ಯಾನಿನ ವಿಷಯ ಯಾರೂ ಕೇಳಿರಲಿಲ್ಲ. ಕ್ಯಾಪ್ಟನ್ನರು, ನೋಡಿ, ಇನ್ನೇನು ಬೇಕು ಎಂಬಂತೆ ಕೈ ಚಾಚಿದರು. ಆದರೆ ಇಸಾಕ್ ಸಾಬರು ಅವನನ್ನೇ ನೋಡಿದರು. ಮೊದಲು ಅವನ ಮುಖ. ಆಮೇಲೆ, ಈ ಬಯಲಿನಲ್ಲಿ ಯಾರೂ ನೋಡಿರದಿದ್ದ ಅವನ ಎಡಗಾಲು. ಆಮೇಲೆ ಶಾಮಿಯಾನದ ಆಚೆಗಿದ್ದ ಕಂದು ಗ್ರೀನು. ಅವರ ಮುಖದಲ್ಲಿ ಸಿಟ್ಟು ಬಂದಿದ್ದರೆ ಅವನು ಅಲ್ಲೇ ಕಾಲಿಗೆ ಬೀಳುತ್ತಿದ್ದನೇನೋ. ಬಂದದ್ದು ಸಿಟ್ಟಲ್ಲ. ಡಬ್ಬಿ ಓದಲಾರದವನನ್ನು ಕಂಡೂ ಕಾಣದ ಹಾಗೆ ಇದ್ದರಲ್ಲ, ಆವತ್ತಿನ ಅದೇ ಮುಖ.

“ಸರಿ ಬುಡಿ ಮರಿಯಣ್ಣ. ತೊಳ್ದಿದ್ರೆ ಆಯ್ತು,” ಎಂದು ತಟ್ಟೆ ಅಲ್ಲೇ ಬಿಟ್ಟು ತಿರುಗಿ ನಡೆದರು. ಗೇಟಿನವರೆಗೆ ಅವರ ಬಿಳಿ ಟೋಪಿ ಕಾಣುತ್ತಿತ್ತು. ಮೈಕಿನಲ್ಲಿ ಮೂರನೆ ಬಹುಮಾನದವರ ಹೆಸರು ಕೂಗಿದರು.

ಕಾರುಗಳೆಲ್ಲ ಹೋದ ಮೇಲೆ ಶಾಮಿಯಾನದವರು ಮೇಜು ಎತ್ತಲು ಬಂದರು. ತಟ್ಟೆಯಲ್ಲಿದ್ದ ಹುಲ್ಲನ್ನು ಅವರಲ್ಲೊಬ್ಬ ಚೆಲ್ಲಲು ಹೋದಾಗ ಮರಿಯಯ್ಯ, ಕೊಡಪ್ಪ ಇಲ್ಲಿ ಎಂದು ತೆಗೆದುಕೊಂಡ. ಬಿಸಿಲು ಹುಣಸೆ ಮರದ ಹಿಂದಕ್ಕೆ ಹೋಗಿತ್ತು. ಏಳನೆ ಗ್ರೀನಿನ ಮೇಲೆ, ಗಿಡ್ಡ ಬಾಗೊಂದು ಮುಗಿಯುವ ಕಡೆ, ಕಬ್ಬಿಣದ ಕೊಳವೆ ಒತ್ತಿ ಸತ್ತ ಮಣ್ಣಿನ ಗುಂಡು ಎತ್ತಿ, ಆ ಕುಳಿಯಲ್ಲಿ ಸಾಬರ ಹಿತ್ತಲಿನ ಹುಲ್ಲು ಇಳಿಸಿ ಅಂಗಾಲಿನಿಂದ ತಟ್ಟಿದ. ಎಷ್ಟು ತಟ್ಟಿದರೂ ಅದು ಬೇರೆಯಾಗಿಯೇ ಕಾಣುತ್ತಿತ್ತು. ದೂರದ ವರಾಂಡದಿಂದ ನೋಡಿದರೂ ಕಾಣುವಷ್ಟು ಹಸಿರಾಗಿತ್ತು.

ತಟ್ಟೆಯನ್ನು ಶೆಡ್ಡಿನ ನಲ್ಲಿಗೆ ಒಯ್ದು ತೊಳೆದ. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಅಕ್ಷರ ಒಂದೊಂದೇ ಕೂಡಿಸಿಕೊಂಡು ಬಹಳ ಹೊತ್ತಿನ ಮೇಲೆ ಮುನ್ನೀಬಿ ಎಂದು ಓದಿದ. ಸಾಬರ ಹೆಂಡತಿ. ಅವರು ನಾಳೆ ತಟ್ಟೆ ಎಲ್ಲಿ ಎಂದು ಕೇಳುತ್ತಾರೆ. ಎರಡನೆ ಸಲ ತೊಳೆದ. ಮೂರನೆ ಸಲ ತೊಳೆದು, ಮೂಗಿನ ಹತ್ತಿರ ತಂದು ಮೂಸಿ ನೋಡಿದ. ಕೊಟ್ಟು ಬರಬೇಕು. ಆರೂವರೆಗೆ ಹುಣಸೂರಿಗೆ ಬಸ್ಸಿದೆ. ಬುಟ್ಟಿಯಿಂದ ಒಂದು ಸೇಬು ತೆಗೆದು ತಟ್ಟೆಯಲ್ಲಿಟ್ಟ. ಕ್ಲಬ್ಬಿನವರು ಕೊಟ್ಟದ್ದು, ತೆಗೆದ. ಕಿತ್ತಳೆ ಇಟ್ಟು ನೋಡಿದ. ಅದನ್ನೂ ತೆಗೆದ. ನಲ್ಲಿ ತಿರುಗಿಸಿ ಒಂದು ಬೊಗಸೆ ನೀರು ಹಿಡಿದು, ತಟ್ಟೆಯ ಮೇಲೆ ಕೈ ಬಗ್ಗಿಸುವಷ್ಟರಲ್ಲಿ ಕ್ಯಾನಿನಲ್ಲಿ ಕುಲುಕಿದ ನೀರಿನ ಸದ್ದು ನೆನಪಾಗಿ ಬೆರಳು ಸಡಿಲಿಸಿದ, ನೀರು ಕಾಲ ಮೇಲೆ ಸುರಿಯಿತು. ಬಸ್ಸು ದೂರದ ತಿರುವಿನಲ್ಲಿ ಹಾರನ್ ಹೊಡೆದು, ಗೇಟಿನ ಮುಂದೆ ಒಂದು ಕ್ಷಣ ನಿಧಾನಿಸಿ, ಯಾರೂ ಇಲ್ಲವೆಂದು ಹೋಯಿತು. ಮರಿಯಯ್ಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಲ್ಲಿಯ ಕಟ್ಟೆಯ ಮೇಲೆ ಕೂತೇ ಇದ್ದ, ಅದರಲ್ಲಿ ಇಡುವಂಥದ್ದು ತನ್ನ ಹತ್ತಿರ ಏನಿದೆ ಎಂದು ಯೋಚಿಸುತ್ತ.